ದೀರ್ಘಕಾಲದ ನೋವು ಮತ್ತು ಬರವಣಿಗೆ: ಮನಶ್ಶಾಸ್ತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ಸದಸ್ಯ 1: ನಮಸ್ಕಾರ ಮೇಡಂ. ಮನಸ್ಸಿನ ದುಗುಡವನ್ನು ಬರೆದರೆ ಸಂಧಿವಾತ ಕಡಿಮೆಯಾಗುವುದೆಂಬುದು ನಿಜವೇ?

ಮನಶ್ಶಾಸ್ತ್ರಜ್ಞೆ: ನಮಸ್ಕಾರ. ಕೆಲವರಿಗೆ, ತಕ್ಕಮಟ್ಟಿಗೆ. 1999ರ ಅಧ್ಯಯನವೊಂದರಲ್ಲಿ ಆಸ್ತಮಾ ಮತ್ತು ರುಮಟಾಯ್ಡ್ ಸಂಧಿವಾತದ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳನ್ನು ಕೆಡಿಸುವ ಕಾಯಿಲೆ) ರೋಗಿಗಳು ತಮ್ಮ ಅತ್ಯಂತ ಸಂಕಟದ ಅನುಭವವನ್ನು ಮೂರು ದಿನ, ದಿನಕ್ಕೆ 20 ನಿಮಿಷ ಬರೆದರು. ನಾಲ್ಕು ತಿಂಗಳ ಬಳಿಕ ಅವರಲ್ಲಿ ಅರ್ಧದಷ್ಟು ಮಂದಿ ಸುಧಾರಿಸಿದ್ದರೆ, ಸಾಮಾನ್ಯ ವಿಷಯ ಬರೆದವರಲ್ಲಿ ಸುಧಾರಿಸಿದವರು ಕಾಲು ಭಾಗ. ಆದರೆ 146 ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಲ್ಲಿ ಕಂಡ ಸರಾಸರಿ ಪ್ರಯೋಜನ ಚಿಕ್ಕದು.

ಸದಸ್ಯೆ 2: ಅಪಘಾತವಾದಂದಿನಿಂದ ಬೆನ್ನುನೋವಿದೆ. ಪ್ರತಿ ರಾತ್ರಿ ಒಂದು ಗಂಟೆ ಅದನ್ನೇ ಬರೆಯುತ್ತೇನೆ. ನಿದ್ದೆ ಹೋಗಿದೆ, ನೋವು ಹೆಚ್ಚಿದೆ, ಒಮ್ಮೊಮ್ಮೆ ಬದುಕೇ ಸಾಕೆನಿಸುತ್ತದೆ.

ಮನಶ್ಶಾಸ್ತ್ರಜ್ಞೆ: ದಯವಿಟ್ಟು ಈ ಬರವಣಿಗೆಯನ್ನು ಇಂದೇ ನಿಲ್ಲಿಸಿ. ಇಂಥ ಬರವಣಿಗೆಯ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ ಅವರು 1986ರಲ್ಲಿ ಪ್ರಕಟಿಸಿದ ಮೂಲ ಪ್ರಯೋಗವೇ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನಗಳದ್ದು. ಕೊನೆಯಿಲ್ಲದೆ ಬರೆಯಬೇಕೆಂದು ಅದು ಹೇಳುವುದಿಲ್ಲ. ಬರೆದ ಮೇಲೆ ಕೆಲವು ಗಂಟೆ ಮನಸ್ಸು ಭಾರವಾಗಿರುವುದು ಸಹಜವಾದರೂ, ನಿದ್ದೆಗೆಡುವಷ್ಟು ಕಾಡುತ್ತಿದ್ದರೆ ಅದು ಗಾಯವನ್ನು ಮತ್ತೆ ಮತ್ತೆ ಕೆರೆದಂತೆ. ನಡೆದದ್ದಕ್ಕೆ ಒಂದು ಅರ್ಥ, ಒಂದು ಕ್ರಮ ಮೂಡುತ್ತಾ ಹೋದಾಗ ಬರವಣಿಗೆ ನೆರವಾಗುತ್ತದೆ. ಅದೇ ವಾಕ್ಯಗಳೇ ಸುತ್ತುತ್ತಿದ್ದರೆ ಆಗುವುದಿಲ್ಲ. ಅಪಘಾತದ ದೃಶ್ಯಗಳು ಕಣ್ಣಮುಂದೆ ಮರುಕಳಿಸುತ್ತಿದ್ದರೆ ಒಬ್ಬರೇ ಬರೆಯಬೇಡಿ, ಚಿಕಿತ್ಸಕರ ಜೊತೆ ಕುಳಿತು ಮಾಡುವ ಕೆಲಸವದು. ಕಾಲಿನಲ್ಲಿ ಬಲಹೀನತೆಯೋ ಮರಗಟ್ಟುವಿಕೆಯೋ ಹೊಸದಾಗಿ ಬಂದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬದುಕು ಸಾಕೆಂಬ ಮಾತನ್ನು ಮನೆಯವರೊಬ್ಬರಿಗೆ ಈಗಲೇ ಹೇಳಿ, ಇಂದು ಒಂಟಿಯಾಗಿರಬೇಡಿ. ಸಾಯುವ ಯೋಚನೆ ಬರುತ್ತಿದೆಯೇ?

ಸದಸ್ಯ 3: ನನಗೆ ಬಂದ ಸಂದೇಶ: "ನೋವನ್ನು 21 ದಿನ ಕಾಗದದಲ್ಲಿ ಬರೆದು ಸುಡಿ, ಮಾತ್ರೆ ಬೇಕಾಗುವುದಿಲ್ಲ."

ಮನಶ್ಶಾಸ್ತ್ರಜ್ಞೆ: ಇದನ್ನು ಯಾರಿಗೂ ಕಳುಹಿಸಬೇಡಿ. ರುಮಟಾಯ್ಡ್ ಸಂಧಿವಾತದ ಮಾತ್ರೆ ನಿಲ್ಲಿಸಿದರೆ ಕೀಲುಗಳು ಸವೆಯಬಹುದು; ಕೆಲವು ಮಾತ್ರೆಗಳನ್ನು ಹಠಾತ್ತನೆ ಬಿಡುವುದೇ ಅಪಾಯ. ಕಾಗದ ಸುಟ್ಟರೆ ಬೂದಿಯಾಗುತ್ತದೆ, ಅಷ್ಟೇ.

ಸದಸ್ಯೆ 4: ಬರೆದದ್ದನ್ನು ಪತಿಗೆ ಓದಲು ಕೊಡಬಹುದೇ?

ಸದಸ್ಯ 5: ಬರೆದರೆ ನೋವು ಕಡಿಮೆಯಾಗುತ್ತದೆಯೇ ಮೇಡಂ?

ಮನಶ್ಶಾಸ್ತ್ರಜ್ಞೆ: ಮೊದಲ ಉತ್ತರವನ್ನು ಓದಿ.

ಸದಸ್ಯ 3: ಸುಟ್ಟವರಿಗೆ ಗುಣವಾಗಿದೆ. ವೈದ್ಯರಿಗೆ ಮಾತ್ರೆ ಮಾರುವುದೇ ಮುಖ್ಯ.

ಸದಸ್ಯ 6: ಎಷ್ಟು ಮಂದಿಗೆ ಗುಣವಾಯಿತೆಂದು ಲೆಕ್ಕವಿಟ್ಟಿದ್ದೀರಾ? ತಾವೇ ಮಾತ್ರೆ ಬಿಟ್ಟು ತೋರಿಸಿ.

ಸದಸ್ಯ 3: ತಮ್ಮ ನಾಲಿಗೆ ಹಿಡಿತದಲ್ಲಿರಲಿ.

ಸದಸ್ಯ 5: ಕೈಬರಹವೇ ಆಗಬೇಕೇ, ಫೋನಿನಲ್ಲಿ ಬರೆದರೆ?

ಮನಶ್ಶಾಸ್ತ್ರಜ್ಞೆ: ಎರಡೂ ಸರಿ. ಸದಸ್ಯ 3 ಮತ್ತು ಸದಸ್ಯ 6, ನಿಮ್ಮ ಜಗಳವನ್ನು ಬೇರೆಡೆ ಮುಂದುವರಿಸಿ. ಸದಸ್ಯೆ 2, ನನ್ನ ಪ್ರಶ್ನೆಗೆ ನೀವಿನ್ನೂ ಉತ್ತರಿಸಿಲ್ಲ. ಮನೆಯಲ್ಲಿ ಜೊತೆಗೆ ಯಾರಿದ್ದಾರೆಂದು ಮೊದಲು ತಿಳಿಸಿ.