ನಾಟಕ ಮಾಡ್ಸೋನೇ ನಾಟಕೋತ್ಸವಾನೂ ನಡೆಸ್ಬಹುದಾ? ಅಲೆಕ್ಸ್ ರಿಗೋಲಾ ಬಗ್ಗೆ ಗೊತ್ತಿದ್ದವ್ರು ಹೇಳಿ

ದೇವಿಕೆರೆ ಹುಡುಗ, ಶಿರಸಿ:
ಎಲ್ಲರಿಗೂ ನಮಸ್ಕಾರ. ನಮ್ದೊಂದು ಸಣ್ಣ ಹವ್ಯಾಸಿ ತಂಡ ಇದೆ, ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ್ಮೇಲೆ ರಿಹರ್ಸಲ್ ಶುರು ಮಾಡ್ತೀವಿ, ವರ್ಷಕ್ಕೊಂದು ನಾಟಕ, ಅಷ್ಟೇ. ಈ ಸಲ ಊರಿನ ಹಿರಿಯರು ಒಂದೇ ನಾಟಕ ಯಾಕೋ, ಮೂರು ದಿನದ ಉತ್ಸವಾನೇ ಮಾಡಿ, ಜವಾಬ್ದಾರಿ ನೀನೇ ತಗೋ ಅಂತ ಕೂತ್ಬಿಟ್ಟಿದಾರೆ. ನಾಟಕದ ನಿರ್ದೇಶನಾನೂ ನಂದೇ, ಹೊರಗಿನ ತಂಡ ಕರೆಸೋದು, ದುಡ್ಡು ಎತ್ತೋದು, ಹಾಲ್ ಬುಕ್ ಮಾಡೋದೂ ನಾನೇ ಅಂದ್ರೆ ಎರಡೂ ಕೆಡುತ್ತೇನೋ ಅಂತ ಅಳುಕು. ಹಿಂಗೆ ಎರಡೂ ಮಾಡಿದವರು ಯಾರಿದಾರೆ ಅಂತ ಹುಡುಕ್ತಾ ಇದ್ದಾಗ ಸ್ಪೇನಿನ ಕ್ಯಾಟಲೋನಿಯಾದ ನಾಟಕ ನಿರ್ದೇಶಕ ಅಲೆಕ್ಸ್ ರಿಗೋಲಾ ಹೆಸರು ಸಿಕ್ತು. ಥಿಯೇಟರೂ ನಡೆಸಿದಾರೆ, ವೆನಿಸ್‌ನ ಉತ್ಸವಾನೂ ನಡೆಸಿದಾರೆ ಅಂತ ಇತ್ತು, ಪೂರ್ತಿ ಕಥೆ ಗೊತ್ತಿದ್ದವ್ರು ಹೇಳಿ. ಇನ್ನೊಂದು, ನಾವೇ ನಡೆಸೋ ಉತ್ಸವದಲ್ಲಿ ನಮ್ಮದೇ ನಾಟಕ ಇಟ್ಕೊಂಡ್ರೆ ಜನ ಆಡ್ಕೊಳ್ಳಲ್ವಾ?

ಬೈತಖೋಲ್ ಬದಿಯವ, ಕಾರವಾರ:
ತಮಾ, ಒಳ್ಳೆ ಆಸಾಮಿನೇ ಹಿಡಿದಿದೀಯ. ರಿಗೋಲಾ ಹುಟ್ಟಿದ್ದು 1969ರಲ್ಲಿ, ಬಾರ್ಸಿಲೋನಾದಲ್ಲಿ. ಅಲ್ಲಿ ತೆಯಾತ್ರೆ ಲ್ಯುರೆ ಅಂತ ಒಂದು ರಂಗಸಂಸ್ಥೆ ಇದೆ, 1976ರಲ್ಲಿ, ಅಂದ್ರೆ ಸರ್ವಾಧಿಕಾರಿ ಫ್ರಾಂಕೋ ಸತ್ತ ಮರುವರ್ಷ, ಫಾಬಿಯಾ ಪುಚ್‌ಸರ್ವೆರ್, ಯುಯಿಸ್ ಪಾಸ್ಕ್ವಾಲ್ ಮತ್ತವರ ಗೆಳೆಯರು ಗ್ರಾಸಿಯಾ ಅನ್ನೋ ಕಡೆ ಒಂದು ಸಣ್ಣ ಜಾಗದಲ್ಲಿ ಕಟ್ಟಿದ್ದು. ಆಮೇಲೆ ಅದು ಮೊಂಜುಯಿಕ್ ಗುಡ್ಡದ ಮೇಲಿನ ದೊಡ್ಡ ಕಟ್ಟಡಕ್ಕೆ ಹೋಯ್ತು, 1929ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಅಂತ ಕಟ್ಟಿದ ಕೃಷಿ ಭವನ ಅದು. ಅಲ್ಲಿ ಮುಖ್ಯಸ್ಥರಾಗಿದ್ದ ಜೋಸೆಪ್ ಮೊಂತಾನ್ಯೆಸ್ 2002ರಲ್ಲಿ ತೀರಿಕೊಂಡ್ರು, ಆ ಜಾಗಕ್ಕೆ 2003ರಲ್ಲಿ ಬಂದವನು ರಿಗೋಲಾ. ಇನ್ನೂ ಮೂವತ್ತೈದು ದಾಟಿರ್ಲಿಲ್ಲ ನೋಡು.

2011ರ ತನಕ ಅಲ್ಲೇ ಇದ್ದ. ಶೇಕ್ಸ್‌ಪಿಯರ್ ಮಾಡಿದ, ಬ್ರೆಕ್ಟ್ ಮಾಡಿದ, ಆದ್ರೆ ಹೆಸರು ಬಂದಿದ್ದು ಚಿಲಿ ದೇಶದ ಲೇಖಕ ಬೊಲಾನ್ಯೋ ಬರೆದ '2666' ಅನ್ನೋ ದಪ್ಪ ಕಾದಂಬರಿನ 2007ರಲ್ಲಿ ಹೆಚ್ಚುಕಮ್ಮಿ ಐದು ಗಂಟೆಯ ನಾಟಕ ಮಾಡಿದಾಗ. ಐದು ಗಂಟೆ ಅಂದ್ರೆ ಬೇರೆ ಊರಿನವರು ಹೌಹಾರ್ಬಹುದು, ಬೆಳಗಿನ ತನಕ ಯಕ್ಷಗಾನದ ಆಟ ನೋಡಿ ಬೆಳೆದ ನಮಗೆಂತ ದೊಡ್ಡ ವಿಷಯ ಅಲ್ಲ ಬಿಡು.

ಲ್ಯುರೆಯಲ್ಲಿ ಇರೋವಾಗ್ಲೇ 2010ರಲ್ಲಿ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಕಲಾ ಉತ್ಸವದ ನಾಟಕ ವಿಭಾಗ ಇವನ ಕೈಗೆ ಬಂತು, 2016ರ ತನಕ ನಡೆಸಿದ. ನಿಂಗೆ ಬೇಕಾಗಿರೋದು ಇಲ್ಲೇ ಇರೋದು. ಬರೀ ತಂಡ ಕರೆಸಿ ನಾಟಕ ಆಡಿಸಿ ಚಪ್ಪಾಳೆ ಹೊಡೆಸಿ ಕಳಿಸಲಿಲ್ಲ ಅವನು, ದೊಡ್ಡ ದೊಡ್ಡ ನಿರ್ದೇಶಕರನ್ನ ಕರೆದು ಎಳೆ ನಟರ ಜೊತೆ ಕಮ್ಮಟಕ್ಕೆ ಕೂರಿಸಿದ, ಕೊನೆಗೆ ಅಲ್ಲಿ ಹುಟ್ಟಿದ್ದನ್ನ ಜನರಿಗೂ ತೋರಿಸಿದ. ಆ ಉತ್ಸವದವರು ಕೊಡೋ ಜೀವಮಾನದ ಗೋಲ್ಡನ್ ಲಯನ್ ಪ್ರಶಸ್ತಿ ಅವನ ಕಾಲದಲ್ಲಿ ಯಾವ್ಯಾವ ನಿರ್ದೇಶಕರಿಗೆ ಹೋಯ್ತು ನೋಡು, 2011ರಲ್ಲಿ ಓಸ್ಟರ್‌ಮಾಯರ್, 2013ರಲ್ಲಿ ಕಾಸ್ಟೆಲುಚ್ಚಿ, 2015ರಲ್ಲಿ ಮಾರ್ಥಾಲರ್. ನಾಟಕ ಮಾಡಿಸೋನ ಕಣ್ಣಿಗೇ ಬೀಳೋ ಹೆಸರುಗಳು ಇವೆಲ್ಲ.

ನಿನ್ನ ಎರಡನೇ ಪ್ರಶ್ನೆಗೆ, ಹೌದು, ಅವನೂ ತನ್ನ ನಾಟಕ ಇಟ್ಟಿದ್ದ. 2013ರಲ್ಲಿ, ಬೊಲಾನ್ಯೋದೇ ಒಂದು ಸಣ್ಣಕತೆ, ಇಬ್ಬರೇ ನಟರು. ಅಷ್ಟು ದೊಡ್ಡ ಉತ್ಸವದ ಯಜಮಾನ ಇಬ್ಬರು ನಟರ ಸಣ್ಣ ನಾಟಕ ಇಟ್ರೆ ಯಾರು ತಾನೆ ಎಂತ ಆಡ್ಕೊಳ್ತಾರೆ?

ಗುಣವಂತೆ ತಿರುವು, ಹೊನ್ನಾವರ:
ಇದಕ್ಕೆ ವೆನಿಸ್ ತನಕ ಯಾಕೆ ಹೋಗ್ಬೇಕು ಮಾರಾಯ್ರೆ. ಕೆರೆಮನೆ ಶಿವರಾಮ ಹೆಗಡೆಯವ್ರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ರು, ಅವರ ಮಗ ಶಂಭು ಹೆಗಡೆಯವ್ರು ವೇಷಾನೂ ಮಾಡಿ ಮೇಳಾನೂ ನಡೆಸಿದ್ರು, ಈಗ ಗುಣವಂತೆಯಲ್ಲಿ ಅವರ ಹೆಸರಲ್ಲಿ ನಾಟ್ಯೋತ್ಸವ ಆಗುತ್ತೆ, ಹೊರಗಿನ ಕಲಾವಿದರು ಬಂದು ಹೋಗ್ತಾರೆ. ಕಮ್ಮಟ ಅಂದ್ರೆ ನಿಮ್ಮ ಶಿರಸಿಯಿಂದ ಘಟ್ಟ ಇಳಿಯೋದೂ ಬೇಡ, ಸಾಗರದ ಕಡೆ ಹೋದ್ರೆ ಹೆಗ್ಗೋಡಿನ ನೀನಾಸಂ, ನಾಟಕದ ಜೊತೆ ಸಂಸ್ಕೃತಿ ಶಿಬಿರ ಎಷ್ಟು ವರ್ಷದಿಂದ ಮಾಡ್ತಾ ಬಂದಿದಾರೆ. ಅಲ್ಲಿ ಯುರೋಪಲ್ಲಿ ಸರ್ಕಾರದ ದುಡ್ಡು ಬರುತ್ತೆ ಸ್ವಾಮಿ, ಇಲ್ಲಿ ರಸೀದಿ ಪುಸ್ತಕ ಹಿಡ್ಕೊಂಡು ಅಂಗಡಿ ಅಂಗಡಿ ತಿರುಗ್ಬೇಕು, ಆ ಕೆಲಸ ನಿರ್ದೇಶಕನೇ ಮಾಡಿದ್ರೆ ಸಂಜೆ ರಿಹರ್ಸಲ್‌ಗೆ ಬರೋವಾಗ ಅವನಲ್ಲಿ ಜೀವ ಇರಲ್ಲ, ಇದು ನಾನು ಕಣ್ಣಾರೆ ನೋಡಿದ್ದು.

ಸುಮ್ನೆ ಓದೋನು:
ಬೈತಖೋಲಿನವ್ರು ಒಂದು ವಿಷಯ ಬಿಟ್ರು, ಮ್ಯಾಡ್ರಿಡ್‌ದು. ವೆನಿಸ್ ಆದ್ಮೇಲೆ ಅಲ್ಲಿನ ತಿಯಾತ್ರೋಸ್ ದೆಲ್ ಕನಾಲ್ ಅನ್ನೋ ಸರ್ಕಾರಿ ರಂಗಮಂದಿರ ನಡೆಸೋಕೆ ರಿಗೋಲಾ ಹೋದ್ರು. 2017ರ ಅಕ್ಟೋಬರ್ 1ಕ್ಕೆ ಕ್ಯಾಟಲೋನಿಯಾದಲ್ಲಿ ಸ್ಪೇನಿಂದ ಬೇರೆ ಆಗ್ಬೇಕಾ ಅಂತ ಜನಮತ ಸಂಗ್ರಹ ನಡೀತಲ್ಲ, ಪೊಲೀಸರು ವೋಟ್ ಹಾಕೋಕೆ ಬಂದವರ ಮೇಲೆ ಲಾಠಿ ಬೀಸಿದ್ರು, ಅದನ್ನ ಪ್ರತಿಭಟಿಸಿ ರಾಜೀನಾಮೆ ಕೊಟ್ಬಿಟ್ರು. ಅವರ ಸಿಟ್ಟು ಸರಿನೇ ಇರ್ಬಹುದು, ಆದ್ರೆ ಸೀಸನ್ ಶುರುವಾದ್ಮೇಲೆ ಬಿಟ್ಟು ಹೋಗೋದು ನಂಬಿ ಬಂದ ತಂಡಗಳಿಗೆ ಎಷ್ಟು ಸರಿ ಅನ್ಸುತ್ತೆ ನಿಮಗೆ?

ಬೈತಖೋಲ್ ಬದಿಯವ, ಕಾರವಾರ:
ಮನಸ್ಸಿಲ್ಲದ ಕುರ್ಚಿಲಿ ಸಂಬಳಕ್ಕೋಸ್ಕರ ಕೂತಿರೋದಕ್ಕಿಂತ ಅದೇ ಮೇಲು ಅನ್ನೋನು ನಾನು. ಮತ್ತೆ ಸೀಸನ್ ಮುರಿದು ಬೀಳ್ಲಿಲ್ಲ, ಯಾಕಂದ್ರೆ ಆ ಹುದ್ದೆಲಿ ಅವನೊಬ್ಬನೇ ಇರ್ಲಿಲ್ಲ. ನತಾಲಿಯಾ ಆಲ್ವರೆಸ್ ಸಿಮೊ ಅನ್ನೋರು ಜೊತೆಗಿದ್ರು, ಅವ್ರು ಮುಂದುವರಿಸಿದ್ರು. ದೇವಿಕೆರೆ ಹುಡುಗ, ಇದನ್ನ ನೀನು ಬರೆದಿಟ್ಕೋ. ನಿನ್ನ ಜೊತೆ ಇನ್ನೊಬ್ಬರ ಹೆಸರು ಇರ್ಲಿ, ಬರೀ ಹೆಸರಿಗೆ ಬೇಡ, ಲೆಕ್ಕದ ಪುಸ್ತಕವೂ ಹಾಲ್‌ನ ಕೀಲಿಯೂ ಅವರ ಕೈಲೇ ಇರ್ಲಿ. ನಾಟಕದ ದಿನ ಹೊರಗಿನ ತಂಡದ ಸೆಟ್ ಹೊತ್ತ ಲಾರಿ ದೇವಿಮನೆ ಘಟ್ಟದಲ್ಲಿ ಸಿಕ್ಕಿಹಾಕ್ಕೊಂಡಿರುತ್ತೆ, ಇಲ್ಲಿ ಕರೆಂಟ್ ಹೋಗಿ ಜನರೇಟರ್‌ಗೆ ಡೀಸೆಲ್ ಹಾಕಿರಲ್ಲ, ಆಗ ನೀನು ಮೇಕಪ್ ರೂಮಲ್ಲಿ ನಟನಿಗೆ ಮಾತು ಹೇಳ್ಕೊಡ್ತಾ ಇದ್ರೆ ಫೋನ್ ಯಾರು ಎತ್ತೋದು?

ಆ ರಾಜೀನಾಮೆಯ ಹೊತ್ತಿಗೆ ಅವನು ಮಾಡ್ತಿದ್ದ ನಾಟಕಾನೂ ನೋಡ್ಬೇಕು. ಚೆಕಾಫ್‌ನ ವಾನ್ಯಾ, 2017ರದ್ದೇ. ರಂಗದ ಮೇಲೆ ಮರದ ಒಂದು ಪೆಟ್ಟಿಗೆ ಥರದ ಕೋಣೆ, ಅದರೊಳಗೆ ನಾಲ್ಕು ಜನ ನಟರು, ಕೆಲವೇ ಹತ್ತಾರು ಪ್ರೇಕ್ಷಕರು, ನಟರಿಗೆ ಅವರದೇ ಸ್ವಂತ ಹೆಸರು. ನಟ ಉಸಿರು ಬಿಟ್ರೂ ಕೇಳುತ್ತೆ. ಅಷ್ಟು ದೊಡ್ಡ ಮನೆ ನಡೆಸಿದವನು ಕೊನೆಗೆ ಬಂದಿದ್ದು ಇಷ್ಟು ಸಣ್ಣದಕ್ಕೆ. ಆಮೇಲೆ ಬಾರ್ಸಿಲೋನಾದಲ್ಲಿ ಹಾರ್ಟ್‌ಬ್ರೇಕ್ ಹೋಟೆಲ್ ಅಂತ ತನ್ನದೇ ಸಣ್ಣ ರಂಗಮನೆ ಮಾಡ್ಕೊಂಡ.

ದೇವಿಕೆರೆ ಹುಡುಗ, ಶಿರಸಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಲೆಕ್ಕ, ಹಾಲ್‌ನ ವ್ಯವಸ್ಥೆ, ಊಟ ಎಲ್ಲ ನಮ್ಮ ತಂಡದ ಅಕ್ಕ ಒಬ್ರು ನೋಡ್ಕೋತಾರೆ ಅಂತ ಮಾತಾಯ್ತು, ಬ್ಯಾಂಕಲ್ಲಿ ಕೆಲಸ ಮಾಡ್ತಾರೆ, ನಾನು ಬಾಯಿ ಹಾಕಂಗಿಲ್ಲ ಅಂತ ಮೊದಲೇ ಶರತ್ತು ಹಾಕಿದಾರೆ. ನಮ್ಮ ನಾಟಕ ಇಡ್ತೀವಿ, ಆದ್ರೆ ಸಣ್ಣದು, ಮಧ್ಯದ ದಿನ. ಬೆಳಿಗ್ಗೆ ಹೊತ್ತು ಕಾಲೇಜು ಹುಡುಗರಿಗೆ ಬಂದ ತಂಡದವರಿಂದಲೇ ಕಮ್ಮಟ.

ಗುಣವಂತೆ ತಿರುವು, ಹೊನ್ನಾವರ:
ಒಳ್ಳೇದಾಯ್ತು. ದಿನಾಂಕ ಗಟ್ಟಿ ಮಾಡೋಕೆ ಮುಂಚೆ ಆ ವಾರ ನಿಮ್ಮ ಸುತ್ತಮುತ್ತ ಯಾವ ಮೇಳದ ಆಟ ಇದೆ ಅಂತ ವಿಚಾರಿಸ್ಕೊಳ್ಳಿ, ಒಳ್ಳೆ ಭಾಗವತರದ್ದಿದ್ರೆ ನಾನೂ ಆ ಕಡೆಗೇ ಹೋಗೋದು.