ಶ್ರೀರಾಮಪುರದ ಸಭೆಯನ್ನು ಕಂಪನಿ ಕಟ್ಟಿಸಲಿಲ್ಲ, ಭಾವ

ಭಾವ, ವಂದನೆ. ದಾವಣಗೆರೆಯಿಂದ ನೀವು ಬೆಳಿಗ್ಗೆ ಈ ಗುಂಪಿಗೆ ಹಾಕಿದ ಸಂದೇಶವನ್ನು ಈಗ ನೋಡಿದೆ. ಇಂಗ್ಲೆಂಡಿನ ಕ್ರೈಸ್ತ ಮಿಷನರಿ ವಿಲಿಯಂ ಕೇರಿ ಬಂಗಾಳದ ಶ್ರೀರಾಮಪುರದಲ್ಲಿ ಆರಂಭಿಸಿದ ಬ್ಯಾಪ್ಟಿಸ್ಟ್ ಪಂಥದ ಸಭೆಗೆ, ಅಂದರೆ ಆರಾಧಕರ ಸಮುದಾಯಕ್ಕೆ, ಈಸ್ಟ್ ಇಂಡಿಯಾ ಕಂಪನಿಯೇ ಜಾಗ, ಹಣ ಎಲ್ಲವನ್ನೂ ಕೊಟ್ಟಿತು ಎಂದು ಅದರಲ್ಲಿದೆ. ನಿಮ್ಮ ಮಗಳು ಅದನ್ನೇ ಸಂಡೇ ಸ್ಕೂಲ್ ಭಾಷಣಕ್ಕೆ ಬರೆದುಕೊಂಡಿದ್ದಾಳಂತೆ. ದಯವಿಟ್ಟು ತಡೆಯಿರಿ. ನಡೆದದ್ದು ತದ್ವಿರುದ್ಧ.

ಕಂಪನಿಗೆ ಆಗ ಮಿಷನರಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಧರ್ಮದ ಮಾತೆತ್ತಿದರೆ ಜನ ಸಿಡಿದೆದ್ದಾರು, ವ್ಯಾಪಾರ ಕೆಟ್ಟೀತು ಎಂಬ ಹೆದರಿಕೆ. 1793ರಲ್ಲಿ ಬಂದ ಕೇರಿಯವರು ಒಳನಾಡಿನಲ್ಲಿ ನೀಲಿ ಗಿಡದಿಂದ ಬಣ್ಣ ತೆಗೆಯುವ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿ ದಿನ ದೂಡಿದರು. 1799ರಲ್ಲಿ ಅವರ ಜೊತೆಗಾರ ಮಿಷನರಿಗಳಾದ ಮಾರ್ಷ್‌ಮನ್ ಮತ್ತು ವಾರ್ಡ್ ಬಂದಾಗ ಕಂಪನಿಯ ನೆಲದಲ್ಲಿ ನೆಲೆಸಲು ಅವಕಾಶವೇ ಸಿಗಲಿಲ್ಲ. ಹೂಗ್ಲಿ ನದಿಯ ದಡದ ಶ್ರೀರಾಮಪುರ ಡೆನ್ಮಾರ್ಕಿನವರ ಕೈಯಲ್ಲಿತ್ತು. ಅಲ್ಲಿನ ಗವರ್ನರ್ ಆಶ್ರಯ ಕೊಟ್ಟರು. 1800ರ ಜನವರಿಯಲ್ಲಿ ಕೇರಿಯವರೂ ಬಂದು ಸೇರಿದರು, ಏಪ್ರಿಲ್‌ನಲ್ಲಿ ಸಭೆ ರೂಪುಗೊಂಡಿತು. ಸಭಾಪಾಲಕರನ್ನು ಸದಸ್ಯರೇ ಆರಿಸಿಕೊಂಡರು. ಬಿಷಪ್ಪರು ನೇಮಿಸಿ ಕಳುಹಿಸುವ ಪದ್ಧತಿ ಬ್ಯಾಪ್ಟಿಸ್ಟರಲ್ಲಿ ಇಲ್ಲ. ನಮ್ಮ ಸಿಎಸ್‌ಐನಲ್ಲಿ (ದಕ್ಷಿಣ ಭಾರತ ಸಭೆಯಲ್ಲಿ) ಪಾಲಕರ ವರ್ಗಾವಣೆಯ ಕಾಲ ಬಂದಾಗಲೆಲ್ಲ ಇದನ್ನು ನೆನೆದು ನಿಟ್ಟುಸಿರು ಬಿಡುವವರು ಈ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಕೃಷ್ಣ ಪಾಲ್ ಕಥೆಯನ್ನು ಮಗಳು ಹೇಳಲೇಬೇಕು. ಆತ ಬಡಗಿ. ಜಾರಿ ಬಿದ್ದು ಭುಜದ ಕೀಲು ತಪ್ಪಿತು. ಮಿಷನ್ನಿನ ವೈದ್ಯ ಜಾನ್ ಥಾಮಸ್ ಅದನ್ನು ಕೂರಿಸಿದರು. ಪರಿಚಯ ಬೆಳೆದು, ಒಂದು ದಿನ ಆತ ಮಿಷನರಿಗಳ ಜೊತೆ ಕುಳಿತು ಊಟ ಮಾಡಿದ. ಜಾತಿ ಕೆಟ್ಟಿತೆಂದು ದೊಡ್ಡ ಗುಂಪು ಅವನನ್ನು ಎಳೆದೊಯ್ದಿತು. ಡ್ಯಾನಿಷ್ ಅಧಿಕಾರಿಗಳು ಬಿಡಿಸಿದರು. ಜೊತೆಗೆ ದೀಕ್ಷಾಸ್ನಾನಕ್ಕೆ, ಅಂದರೆ ಕ್ರೈಸ್ತ ಸಭೆಗೆ ಸೇರುವ ನೀರಿನ ಸಂಸ್ಕಾರಕ್ಕೆ, ಬರಬೇಕಿದ್ದವರು ಹಿಂದೆ ಸರಿದರೂ ಆತ ಸರಿಯಲಿಲ್ಲ. 1800ರ ಡಿಸೆಂಬರ್ 28ರಂದು ಕೇರಿಯವರು ತಮ್ಮ ಮಗ ಫೀಲಿಕ್ಸ್‌ನನ್ನೂ ಕೃಷ್ಣ ಪಾಲನನ್ನೂ ಹೂಗ್ಲಿ ನದಿಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು. ನಮ್ಮಲ್ಲಿ ಕೂಸಿನ ತಲೆಗೆ ನೀರು ಹಾಕುತ್ತಾರೆ. ಬ್ಯಾಪ್ಟಿಸ್ಟರು ಬುದ್ಧಿ ಬಲಿತವರು ತಾವಾಗಿ ನಂಬಿ ಬಂದರಷ್ಟೇ ಕೊಡುತ್ತಾರೆ, ಅದೂ ಪೂರ್ತಿ ಮುಳುಗಿಸಿ. ಹರಿಹರದ ಹೊಳೆಯಲ್ಲಿ ಒಮ್ಮೆ ಮುಳುಗಿ ಎದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅದೇ ಹೊತ್ತಿಗೆ ಕೇರಿಯವರ ಹೆಂಡತಿ ಡೊರೊಥಿ ಬುದ್ಧಿಭ್ರಮಣೆಯಾಗಿ ಮನೆಯೊಳಗೆ ಇದ್ದರು. ಈ ದೇಶಕ್ಕೆ ಬರಲು ಅವರಿಗೆ ಮನಸ್ಸೇ ಇರಲಿಲ್ಲ. ಬಂದ ಮೇಲೆ ಐದು ವರ್ಷದ ಮಗ ಪೀಟರ್‌ನನ್ನು ಕಳೆದುಕೊಂಡರು. 1807ರಲ್ಲಿ ತೀರಿಕೊಂಡರು. ಸಭೆಗಳ ಇತಿಹಾಸ ಹೇಳುವವರು ಈ ಹೆಂಗಸನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ, ನನಗೆ ಅದು ಸರಿಕಾಣುವುದಿಲ್ಲ.

ಕಂಪನಿ ಮಿಷನರಿಗಳಿಗೆ ಬಾಗಿಲು ತೆರೆದದ್ದು 1813ರಲ್ಲಿ, ಲಂಡನ್ನಿನ ಸಂಸತ್ತು ಕಂಪನಿಯ ಸನ್ನದನ್ನು, ಅಂದರೆ ಅಧಿಕಾರಪತ್ರವನ್ನು, ಬದಲಿಸಿದ ಮೇಲೆ.

ಕನ್ನಡದ ನಂಟನ್ನೂ ಸೇರಿಸಲಿ. ಕೇರಿಯವರು ನಮ್ಮ ಕಡೆ ಕಾಲಿಟ್ಟವರಲ್ಲ, ಆದರೂ ಅವರು ಬರೆದ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಅದಕ್ಕೆ ಮುಂಚೆ, 1812ರ ಮಾರ್ಚಿನಲ್ಲಿ ಅಲ್ಲಿನ ಮಿಷನ್ನಿನ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಬೈಬಲಿನ ಹೊಸ ಒಡಂಬಡಿಕೆಯ ಕನ್ನಡ ಅನುವಾದದ ಹಸ್ತಪ್ರತಿ ಸುಟ್ಟುಹೋಗಿತ್ತು. ಮತ್ತೆ ಮೊದಲಿನಿಂದ ಕುಳಿತರು.

ಇನ್ನೊಂದು, ಸಭೆ ಹುಟ್ಟಿದ ವರ್ಷ 1793 ಎಂದು ಆ ಸಂದೇಶದಲ್ಲಿದೆ. ಅದು ಕೇರಿಯವರು ಕಲ್ಕತ್ತೆಗೆ ಬಂದಿಳಿದ ವರ್ಷ. 1800 ಎಂದು ಭಾನುವಾರದೊಳಗೆ ತಿದ್ದಿಸಿ.