ಆರ್ಥೊಡಾಂಟಿಕ್ಸ್ ಕಲಿಯಲು ಮೂರು ವರ್ಷ ಬೇಕೇ? ದಂತವೈದ್ಯರ ನಡುವೆ ಒಂದು ಚರ್ಚೆ

ಹೊಸ ಪದವೀಧರ:
ದಂತವೈದ್ಯಕೀಯ ಪದವಿ ಮುಗಿಸಿ ಈಗ ಸಾಮಾನ್ಯ ಚಿಕಿತ್ಸಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹುಳುಕು ಹಲ್ಲು ತೋರಿಸಲು ಬಂದವರಲ್ಲೂ ಅನೇಕರು ಮಾತಿನ ನಡುವೆ ಹಲ್ಲಿಗೆ ಕ್ಲಿಪ್ ಹಾಕುತ್ತೀರಾ ಎಂದು ಕೇಳುತ್ತಾರೆ. ವಾರಾಂತ್ಯದ ಕೋರ್ಸುಗಳನ್ನು ಮಾಡಿಕೊಂಡರೆ ಸಾಕು, ಉಳಿದದ್ದನ್ನು ಅಲೈನರ್ (ಹಲ್ಲು ಸರಿಸಲು ತೊಡುವ ಪಾರದರ್ಶಕ ಕವಚ) ಕಂಪನಿಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಆರ್ಥೊಡಾಂಟಿಕ್ಸ್, ಅಂದರೆ ಹಲ್ಲು, ದವಡೆಗಳ ಜೋಡಣೆ ಸರಿಪಡಿಸುವ ಶಾಖೆಯ, ಪೂರ್ಣಾವಧಿ ಸ್ನಾತಕೋತ್ತರ ತರಬೇತಿಗೇ ಸೇರಬೇಕು ಎಂದು ನನ್ನ ಗುರುಗಳು ಹೇಳುತ್ತಾರೆ. ಆ ಮೂರು ವರ್ಷಗಳಲ್ಲಿ ದೊರೆಯುವ, ಬೇರೆಲ್ಲೂ ದೊರೆಯದ ಕಲಿಕೆ ಯಾವುದು? ತಜ್ಞರಾಗುತ್ತೀರಿ ಎಂಬಷ್ಟಕ್ಕೇ ನಿಲ್ಲದೆ ಯಾರಾದರೂ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಆರ್ಥೊ ಬೋಧಕಿ:
ಮೊದಲು ಕಾಲದ ಲೆಕ್ಕವನ್ನೇ ನೋಡೋಣ. ಹಲ್ಲು ಎಲುಬಿನೊಳಗೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಎಲ್ಲ ಹಲ್ಲುಗಳಿಗೂ ಬ್ರಾಕೆಟ್, ಅಂದರೆ ತಂತಿ ಹಿಡಿದಿಡುವ ಪುಟ್ಟ ತುಣುಕು, ಅಂಟಿಸಿ ನಡೆಸುವ ಚಿಕಿತ್ಸೆ ಸಾಮಾನ್ಯವಾಗಿ 18ರಿಂದ 24 ತಿಂಗಳು ಹಿಡಿಯುತ್ತದೆ. ರೋಗಿಯನ್ನು ತಾನೇ ಪರೀಕ್ಷಿಸಿ, ಯೋಜನೆ ಹಾಕಿ, ಚಿಕಿತ್ಸೆ ಮುಗಿಸಿ, ಹಲ್ಲುಗಳನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಕೊಟ್ಟ ಮೇಲೆ ಹಲ್ಲುಗಳು ನಿಂತಲ್ಲಿ ನಿಲ್ಲುತ್ತವೆಯೇ ಎಂದು ಕೆಲವು ತಿಂಗಳಾದರೂ ಗಮನಿಸಲು ವಿದ್ಯಾರ್ಥಿಗೆ ಎಷ್ಟು ಕಾಲ ಬೇಕೆಂದು ನೀವೇ ಕೂಡಿ ನೋಡಿ. ಯೂರೋಪಿನ ಒಕ್ಕೂಟದ 2005ರ ವೃತ್ತಿ ಅರ್ಹತೆಗಳ ನಿರ್ದೇಶನವು ದಂತ ತಜ್ಞರ ತರಬೇತಿ ಕನಿಷ್ಠ ಮೂರು ವರ್ಷಗಳ ಪೂರ್ಣಾವಧಿಯದ್ದಾಗಿರಬೇಕೆಂದು ವಿಧಿಸಿದೆ. ಆ ಅವಧಿಯಲ್ಲಿ ಪ್ರತಿಷ್ಠೆಗಿಂತ ಈ ಲೆಕ್ಕವೇ ನನಗೆ ಹೆಚ್ಚು ಕಾಣುತ್ತದೆ.

ಆರಂಭದ ತಿಂಗಳುಗಳಲ್ಲಿ ನಮ್ಮ ವಿದ್ಯಾರ್ಥಿಗಳು ಟೈಪೋಡಾಂಟ್ ಮೇಲೆ, ಅಂದರೆ ಮೇಣದಲ್ಲಿ ಕೂರಿಸಿದ ಕೃತಕ ಹಲ್ಲುಗಳ ಮೇಲೆ, ಅಭ್ಯಾಸ ಮಾಡುತ್ತಾರೆ. ತಂತಿ ಬಾಗಿಸಿ ಕಟ್ಟಿ ಬಿಸಿನೀರಿನಲ್ಲಿ ಇಳಿಸಿದರೆ ಮೇಣ ಮೆತ್ತಗಾಗಿ, ತಿಂಗಳುಗಟ್ಟಲೆ ನಡೆಯಬೇಕಾದದ್ದು ಕೆಲವೇ ನಿಮಿಷಗಳಲ್ಲಿ ನಡೆದುಹೋಗುತ್ತದೆ. ಕೋರೆಹಲ್ಲನ್ನು ಹಿಂದಕ್ಕೆ ಎಳೆಯಲೆಂದು ದವಡೆಹಲ್ಲಿಗೆ ಸ್ಪ್ರಿಂಗ್ ಸಿಕ್ಕಿಸಿದವರು ಹೊರತೆಗೆದು ನೋಡಿದಾಗ, ಹಿಂದೆ ಹೋಗಬೇಕಾದ ಕೋರೆಹಲ್ಲಿಗಿಂತ ಮೊದಲು ಅಲುಗಬಾರದ ದವಡೆಹಲ್ಲೇ ಮುಂದೆ ಬಂದಿರುತ್ತದೆ. ಆಂಕರೇಜ್, ಅಂದರೆ ಅಲುಗಬಾರದ ಹಲ್ಲನ್ನು ಅಲುಗದಂತೆ ಹಿಡಿದಿಡುವುದು, ಎಂದರೇನು ಎಂಬುದು ಪುಸ್ತಕದಿಂದ ತಲೆಗೆ ಹೋಗದವರಿಗೂ ಅಂದು ಹೋಗುತ್ತದೆ.

ಹಳೆಯ ಸಾಮಾನ್ಯ ವೈದ್ಯ:
ಬೋಧಕಿಯವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಎಲ್ಲರಿಗೂ ಅನ್ವಯಿಸಬೇಕೆಂಬುದನ್ನು ನಾನು ಒಪ್ಪಲಾರೆ. ಈ ಶಾಖೆಯ ಜನಕರೆಂದು ಹೇಳಲಾಗುವ ಎಡ್ವರ್ಡ್ ಆಂಗಲ್ ಅವರು 1900ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಶಾಲೆ ತೆರೆದಾಗ ಅಲ್ಲಿನ ಪಾಠ ಕೆಲವೇ ವಾರಗಳಲ್ಲಿ ಮುಗಿಯುತ್ತಿತ್ತು, ಅದರಿಂದ ಹೊರಬಂದವರೇ ಈ ವೃತ್ತಿಯನ್ನು ಕಟ್ಟಿದರು. ಅಂದಿನಿಂದ ವಿಷಯ ಬೆಳೆದಿದೆ, ನಿಜ. ಆದರೆ ಮುಂದಿನ ಎರಡು ಬಾಚಿಹಲ್ಲುಗಳ ನಡುವಿನ ಸಂದು ಮುಚ್ಚಲು, ಇಲ್ಲವೇ ಸ್ವಲ್ಪ ತಿರುಗಿದ ಒಂದು ಹಲ್ಲನ್ನು ನೇರ ಮಾಡಲು ಮೂರು ವರ್ಷ ಓದಿದವರೇ ಬೇಕೆಂದರೆ, ತಜ್ಞರಿಲ್ಲದ ಕಡೆಯ ಜನರು ಏನು ಮಾಡಬೇಕು? ಸ್ನಾತಕೋತ್ತರ ತರಬೇತಿಯಲ್ಲಿ ಎಷ್ಟೋ ತಿಂಗಳುಗಳು ಯಾರೂ ಮತ್ತೆ ತೆರೆದು ನೋಡದ ಪ್ರಬಂಧ ಬರೆಯುವುದರಲ್ಲೇ ಕಳೆದುಹೋಗುತ್ತವೆ ಎಂಬುದನ್ನೂ ಬೋಧಕರು ಒಪ್ಪಬೇಕು.

ಆರ್ಥೊ ಬೋಧಕಿ:
ಪ್ರಬಂಧದ ವಿಷಯದಲ್ಲಿ ನಿಮ್ಮೊಂದಿಗೆ ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ನನ್ನ ಉತ್ತರವಿಷ್ಟೇ: ಜಾಹೀರಾತಿನಂತೆ ಬರುವ ಲೇಖನಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಆರಿಸಲು ಒಮ್ಮೆಯಾದರೂ ತಾನೇ ಅಳತೆ ಮಾಡಿ ತಪ್ಪಿನ ಪ್ರಮಾಣ ಲೆಕ್ಕ ಹಾಕಿರಬೇಕು.

ಆಂಗಲ್ ಅವರ ಕಾಲದಲ್ಲಿ ಕಲಿಯಬೇಕಾದದ್ದೇ ಕಡಿಮೆಯಿತ್ತು. ದವಡೆಹಲ್ಲುಗಳ ಹೊಂದಾಣಿಕೆಯನ್ನು ಆಧಾರವಾಗಿಟ್ಟುಕೊಂಡು ಅವರು 1899ರಲ್ಲಿ ಪ್ರಕಟಿಸಿದ ವರ್ಗೀಕರಣವನ್ನು ಇಂದಿಗೂ ಬಳಸುತ್ತೇವೆ. ಆದರೆ ತಲೆಬುರುಡೆಯ ಪಾರ್ಶ್ವನೋಟದ ಎಕ್ಸ್‌ರೇಯಲ್ಲಿ ಮೇಲ್ದವಡೆ, ಕೆಳದವಡೆಗಳನ್ನು ಬೇರೆಬೇರೆಯಾಗಿ ಅಳೆಯುವ ಸೆಫಲೋಮೆಟ್ರಿ ಬಂದದ್ದು 1931ರಲ್ಲಿ, ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾಟ್ ಅವರಿಂದ. ದೋಷ ಹಲ್ಲಿನಲ್ಲಿದೆಯೋ ದವಡೆಯಲ್ಲಿದೆಯೋ ಎಂಬ ಪ್ರಶ್ನೆಗೆ ಅಳತೆಯ ಉತ್ತರ ಸಿಕ್ಕಿದ್ದೇ ಆ ಮೇಲೆ.

ಸುಲಭದ ಪ್ರಕರಣ ಎನ್ನುತ್ತೀರಿ. ಅದು ಸುಲಭವೆಂದು ತಿಳಿಯುವುದೇ ಪರೀಕ್ಷೆ ಮುಗಿದ ಮೇಲೆ. ಹನ್ನೆರಡರ ಹುಡುಗಿಯೊಬ್ಬಳು ಮುಂದಿನ ಹಲ್ಲು ಸ್ವಲ್ಪ ವಾರೆಯಾಗಿದೆ ಎಂದು ಬರುತ್ತಾಳೆ ಎಂದಿಟ್ಟುಕೊಳ್ಳಿ. ಒಂದು ಬದಿಯ ಹಾಲುಕೋರೆಹಲ್ಲು ಇನ್ನೂ ಗಟ್ಟಿಯಾಗಿ ಕುಳಿತಿದೆ, ಅದರ ಮೇಲಿನ ವಸಡನ್ನು ಬೆರಳಿನಿಂದ ಸವರಿದರೆ ಬರಬೇಕಾದ ಕೋರೆಹಲ್ಲಿನ ಉಬ್ಬು ಸಿಗುವುದಿಲ್ಲ. ಆ ಹಲ್ಲು ಅಂಗುಳದ ಕಡೆ ಹುದುಗಿ ಪಕ್ಕದ ಬಾಚಿಹಲ್ಲಿನ ಬೇರನ್ನು ಸವೆಸುತ್ತಿರಬಹುದು. ಇದನ್ನು ಗಮನಿಸದೆ ವಾರೆಯಾದ ಹಲ್ಲಿಗೆ ತಂತಿ ಕಟ್ಟಿ ಎಳೆದರೆ ಬೇರು ನೇರವಾಗಿ ಆ ಕೋರೆಹಲ್ಲಿಗೇ ಹೋಗಿ ತಾಗಬಹುದು.

ಅಂತಿಮ ವರ್ಷದ ವಿದ್ಯಾರ್ಥಿ:
ಒಳಗಿನಿಂದ ನೋಡುತ್ತಿರುವವನಾಗಿ ಎರಡೂ ಕಡೆಯವರ ಬಗ್ಗೆ ನನಗೆ ತಕರಾರಿದೆ. ಅವಧಿ ಮೂರು ವರ್ಷವೆಂದು ಕಾಗದದಲ್ಲಿದ್ದರೂ, ಮೊದಲ ವರ್ಷದಲ್ಲಿ ನಮ್ಮ ಕೈಗೆ ಬರುವ ರೋಗಿಗಳಲ್ಲಿ ಬಹುಪಾಲು ಮಂದಿ ಹಿಂದಿನ ತಂಡದವರು ಅರ್ಧಕ್ಕೆ ಬಿಟ್ಟುಹೋದವರು. ಆ ಯೋಜನೆಯನ್ನು ನಾವು ಹಾಕಿರುವುದಿಲ್ಲ, ಹಲ್ಲು ಕಿತ್ತದ್ದು ಏಕೆಂದು ಕೆಲವೊಮ್ಮೆ ದಾಖಲೆಯಲ್ಲೂ ಇರುವುದಿಲ್ಲ. ನಾವು ಆರಂಭಿಸಿದವರನ್ನು ಮುಗಿಸುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ, ಅವರು ಮುಂದಿನವರ ಪಾಲಾಗುತ್ತಾರೆ. ಹೀಗಾದಾಗ ಬೋಧಕಿಯವರು ಹೇಳಿದ ಆರಂಭದಿಂದ ಅಂತ್ಯದವರೆಗಿನ ಕಲಿಕೆ ಎಲ್ಲಿ ಉಳಿಯಿತು?

ಆದರೂ ಇಲ್ಲಿಗೆ ಬಾರದೇ ಹೋಗಿದ್ದರೆ ನನಗೆ ತಿಳಿಯದೇ ಹೋಗುತ್ತಿದ್ದ ಸಂಗತಿಗಳಲ್ಲಿ ಬೆಳವಣಿಗೆ ಮೊದಲನೆಯದು. ಕೆಳದವಡೆ ಮುಂದಿರುವ ಹುಡುಗನೊಬ್ಬನ ಬಾಚಿಹಲ್ಲುಗಳನ್ನು ಹದಿಮೂರನೇ ವಯಸ್ಸಿನಲ್ಲಿ ವಾಲಿಸಿ ಕಚ್ಚನ್ನು (ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ರೀತಿ) ಸರಿಪಡಿಸಿಬಿಡಬಹುದು, ಚಿತ್ರವೂ ಚೆನ್ನಾಗಿ ಬರುತ್ತದೆ. ಆದರೆ ಗಂಡುಮಕ್ಕಳ ಕೆಳದವಡೆ ಹದಿಹರೆಯದ ಕೊನೆಯವರೆಗೂ, ಕೆಲವರಲ್ಲಿ ಅದರಾಚೆಗೂ ಬೆಳೆಯುತ್ತದೆ. ಆಮೇಲೆ ದವಡೆಯ ಶಸ್ತ್ರಚಿಕಿತ್ಸೆಯೇ ಬೇಕಾದರೆ, ಅಂದು ವಾಲಿಸಿದ ಹಲ್ಲುಗಳನ್ನೆಲ್ಲ ಮತ್ತೆ ಹಳೆಯ ಓರೆಗೇ ತಂದು ನಿಲ್ಲಿಸಿ ಅನಂತರ ದವಡೆ ಕತ್ತರಿಸಬೇಕಾಗುತ್ತದೆ. ಕಾಯುವುದೂ ಒಂದು ಚಿಕಿತ್ಸೆಯೆಂದು ಯಾವ ವಾರಾಂತ್ಯದ ಕೋರ್ಸೂ ಕಲಿಸುವುದಿಲ್ಲ. ಕಲಿಸಿದರೆ ಬ್ರಾಕೆಟ್ ಮಾರಾಟವಾಗಬೇಕಲ್ಲ!

ಅಲೈನರ್ ಬಳಕೆದಾರ:
ತಂತಿ ಬಾಗಿಸುವುದಕ್ಕೆ ಇಷ್ಟೊಂದು ಗೌರವ ಏಕೆಂದು ನನಗೆ ಅರ್ಥವಾಗುವುದಿಲ್ಲ. ಚಿಕಿತ್ಸೆ ಪಡೆಯದೆಯೂ ಸೊಗಸಾಗಿ ಜೋಡಿಸಿಕೊಂಡಿದ್ದ 120 ಹಲ್ಲಚ್ಚುಗಳನ್ನು ಪರಿಶೀಲಿಸಿ ಲಾರೆನ್ಸ್ ಆಂಡ್ರೂಸ್ 1972ರಲ್ಲಿ ಆದರ್ಶ ಕಚ್ಚಿನ ಆರು ಲಕ್ಷಣಗಳನ್ನು ನಿರೂಪಿಸಿದರು, ಅದರ ಆಧಾರದ ಮೇಲೆಯೇ ಹಲ್ಲಿನ ಓರೆಯನ್ನು ಬ್ರಾಕೆಟ್‌ನೊಳಗೇ ಅಳವಡಿಸಿದರು. ಬಾಗುಗಳಲ್ಲಿ ಬಹುಪಾಲು ಅಂದೇ ಅನಗತ್ಯವಾದವು. ಈಗ ಬಾಯಿಯ ಸ್ಕ್ಯಾನ್, ತೆರೆಯ ಮೇಲಿನ ಯೋಜನೆ, ಮುದ್ರಿತ ಮಾದರಿ ಇವುಗಳನ್ನು ಕಲಿಸಲು ಆ ಗಂಟೆಗಳನ್ನು ಬಳಸಿದರೆ ತರಬೇತಿಯನ್ನು ಎರಡು ವರ್ಷಕ್ಕೆ ಇಳಿಸಬಹುದು.

ಆರ್ಥೊ ಬೋಧಕಿ:
ತೆರೆಯ ಮೇಲೆ ಹಲ್ಲು ಸರಿಯುವುದಕ್ಕೆ ಎಲುಬಿನ ಅಡ್ಡಿಯಿಲ್ಲ, ಬೇರಿನ ಸುತ್ತಲಿನ ನಾರುಗಳ ಪ್ರತಿರೋಧವೂ ಇಲ್ಲ. ನಾಲ್ಕು ಹಲ್ಲು ಕಿತ್ತ ಪ್ರಕರಣದಲ್ಲಿ ಅಲೈನರ್‌ನಿಂದ ಸಂದು ಮುಚ್ಚುವಾಗ, ತೆರೆಯಲ್ಲಿ ನೆಟ್ಟಗೆ ಸರಿದ ಕೋರೆಹಲ್ಲು ಬಾಯಲ್ಲಿ ವಾಲಿಕೊಂಡು ಬರುವುದನ್ನು ನೀವೂ ಕಂಡಿರುತ್ತೀರಿ. ಒಂದು ಬಾಚಿಹಲ್ಲನ್ನು ಒಳಕ್ಕೆ ಒತ್ತಲು 10ರಿಂದ 20 ಗ್ರಾಂ ಬಲ ಸಾಕು, ಬೇರುಸಹಿತ ನೆಟ್ಟಗೆ ಸರಿಸಲು ಅದರ ಹಲವು ಪಟ್ಟು ಬೇಕು. ಈ ವ್ಯತ್ಯಾಸ ಬೆರಳಿಗೆ ತಿಳಿಯುವುದು ತಂತಿ ಬಾಗಿಸುವಾಗಲೇ. ಗಂಟೆಗಳನ್ನು ಕಡಿತಗೊಳಿಸಿ, ನನ್ನ ಆಕ್ಷೇಪವಿಲ್ಲ, ಅಭ್ಯಾಸವನ್ನೇ ತೆಗೆಯಬೇಡಿ.

ಹಳೆಯ ಸಾಮಾನ್ಯ ವೈದ್ಯ:
ಕೋರೆಹಲ್ಲಿನ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ. ವಸಡು ಸವರಿ ನೋಡುವುದನ್ನು ಪದವಿ ತರಗತಿಯಲ್ಲೇ ಗಟ್ಟಿಯಾಗಿ ಕಲಿಸಿದರೆ ಯಾವುದನ್ನು ತಾನು ಮುಟ್ಟಬಾರದು ಎಂಬ ವಿವೇಚನೆ ಸಾಮಾನ್ಯ ವೈದ್ಯನಿಗೂ ಬರುತ್ತದೆ. ಆ ಜ್ಞಾನವನ್ನೆಲ್ಲ ಸ್ನಾತಕೋತ್ತರದವರಿಗಾಗಿ ಕಾದಿರಿಸಿ, ಮೇಲಿಂದ ನಮಗೆ ಗೊತ್ತಿಲ್ಲವೆಂದು ದೂರುವುದು ನ್ಯಾಯವಲ್ಲ.

ಆರ್ಥೊ ಬೋಧಕಿ:
ಈ ಮಾತಿಗೆ ನನ್ನಲ್ಲಿ ಪ್ರತಿವಾದವಿಲ್ಲ.

ಹೊಸ ಪದವೀಧರ:
ಸೇರುವುದೆಂದೇ ನಿರ್ಧರಿಸುತ್ತಿದ್ದೇನೆ. ಆದರೆ ಅಂತಿಮ ವರ್ಷದವರು ಹೇಳಿದ ಪರಿಸ್ಥಿತಿ ಇರುವ ವಿಭಾಗಕ್ಕೆ ಹೋಗಿ ಬೀಳದಿರಲು ಮೊದಲೇ ಏನನ್ನು ವಿಚಾರಿಸಬೇಕು?

ಅಂತಿಮ ವರ್ಷದ ವಿದ್ಯಾರ್ಥಿ:
ವಿಭಾಗದ ಮುಖ್ಯಸ್ಥರನ್ನು ಕೇಳುವುದಕ್ಕಿಂತ ಅಲ್ಲಿ ಓದುತ್ತಿರುವವರನ್ನು ಕೇಳಿ. ಒಬ್ಬೊಬ್ಬರೂ ತಾವೇ ಆರಂಭಿಸಿದ ಎಷ್ಟು ಪ್ರಕರಣಗಳನ್ನು ತಾವೇ ಮುಗಿಸಿದ್ದಾರೆ, ಮುಗಿದವುಗಳ ಕೊನೆಯ ಎಕ್ಸ್‌ರೇ ಮತ್ತು ಅಚ್ಚುಗಳನ್ನು ತೆಗೆದಿಡುತ್ತಾರೆಯೇ, ದವಡೆ ಶಸ್ತ್ರಚಿಕಿತ್ಸೆಯ ಯೋಜನೆ ಹಾಕುವಾಗ ಶಸ್ತ್ರಚಿಕಿತ್ಸಕರೊಂದಿಗೆ ವಿದ್ಯಾರ್ಥಿಗಳನ್ನೂ ಕೂರಿಸಿಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ರಿಟೇನರ್ ಕೊಟ್ಟ ಮೇಲಿನ ರೋಗಿಗಳಿಗೆ ಪ್ರತ್ಯೇಕ ದಿನವಿದೆಯೇ ಎಂಬುದನ್ನೂ ಮರೆಯದೆ ಕೇಳಿ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಚಿಕಿತ್ಸೆ ಮುಗಿದು ಹತ್ತು ವರ್ಷಕ್ಕೂ ಮೇಲ್ಪಟ್ಟವರನ್ನು ಮತ್ತೆ ಕರೆಸಿ ನೋಡಿದಾಗ, ಬಹುತೇಕರ ಕೆಳಗಿನ ಮುಂಭಾಗದ ಹಲ್ಲುಗಳು ಮತ್ತೆ ಒತ್ತೊತ್ತಾಗಿದ್ದವು. ಹಳೆಯ ರೋಗಿಗಳು ಮರಳಿ ಬಾರದ ವಿಭಾಗದಲ್ಲಿ ಕಲಿತವರಿಗೆ ತಾವು ಮುಗಿಸಿದ್ದೆಲ್ಲವೂ ಹಾಗೆಯೇ ಉಳಿದಿದೆ ಎಂಬ ಭ್ರಮೆ ಇರುತ್ತದೆ.

ಅಲೈನರ್ ಬಳಕೆದಾರ:
ಸ್ಕ್ಯಾನರ್ ಇದೆಯೇ ಎಂದೂ ಕೇಳಿ. ಇದ್ದರೆ, ಅದರ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ತಪ್ಪದೆ ಕೇಳಿ.